ದೊರೆಯ ತೊಟ್ಟಿ: ಬೆಳ್ಳಗಾದ ಕಲ್ಲುಗಳು

"ಇದು ಹಸಿರಲ್ಲ ಅಂತ ಹೇಳೋ ಧೈರ್ಯ ಇರೋರು ಯಾರಾದ್ರೂ ಇದ್ರೆ ಮುಂದೆ ಬನ್ನಿ," ಎಂದು ಅತ್ತಿಗೆ ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಯಾರೂ ಮುಂದೆ ಬರಲಿಲ್ಲ. ನಳಿಕೆಯಲ್ಲಿದ್ದ ನೀರು ಹಸಿ ಬಟಾಣಿಯ ಬಣ್ಣಕ್ಕೆ ತಿರುಗಿತ್ತು, ಇನ್ನೂ ಗಾಢವಾಗುವ ಲಕ್ಷಣವಿತ್ತು. ಹಳದಿ ಬಂದಿದ್ದರೆ ನೀರು ಚೊಕ್ಕ. ಹಸಿರು ಬಂದರೆ ಅಮೋನಿಯಾ, ಅಂದರೆ ಮೀನಿನ ಪಾಲಿಗೆ ವಿಷ.

ಸಣ್ಣ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದಕ್ಕೆ ಎಲ್ಲರೂ ಗೂಬೆಯನ್ನು ಹಜಾರದ ಮೀನಿನ ತೊಟ್ಟಿ ಕಟ್ಟಿದ ಮೈದುನನ ತಲೆಯ ಮೇಲೆ ಕೂರಿಸಿದ ದಿನದಿಂದ ಅತ್ತಿಗೆ ಈ ಹಲ್ಲಿನ ಆಸ್ಪತ್ರೆಗೆ ಎಡತಾಕುತ್ತಲೇ ಇದ್ದರು.

ಅತ್ತಿಗೆ ಎಂಬುದು ಸಂಬಂಧ. ಅದೇ ಹೆಸರಾಗಿ ಅಂಟಿಕೊಂಡಿತ್ತು. ವಿಮಾ ಕಂಪನಿಯಲ್ಲಿದ್ದಾಗ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ಎಷ್ಟೋ ಜನರ ನಿದ್ದೆ ಕೆಡಿಸಿ, ಈಗ ಸ್ವಂತ ಪತ್ತೇದಾರಿಕೆ ನಡೆಸುವ ಈಕೆಯನ್ನು ಮೈದುನ ಕರೆಯುವುದು ಕೇಳಿ ಬೀದಿಯವರು ಹಾಗೆ ಕರೆದರು, ಬೀದಿಯವರನ್ನು ಕೇಳಿ ಪೊಲೀಸರು ಕರೆದರು. ಠಾಣೆಯ ಇನ್ಸ್‌ಪೆಕ್ಟರು ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರು, ಆದರೂ ಅವರ ಬಾಯಲ್ಲೂ ಅತ್ತಿಗೆಯೇ.

ಅತ್ತಿಗೆಯ ಪಕ್ಕದಲ್ಲಿ ಪರೀಕ್ಷೆಯ ಡಬ್ಬಿ ಹಿಡಿದು ನಿಂತಿದ್ದವರು ಗಂಡ. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಇವರು ಎಲ್ಲರಿಗೂ ಮೇಷ್ಟ್ರು. ನಳಿಕೆಗೆ ಹನಿ ಎಣಿಸಿ ಹಾಕುವುದು, ಅಲ್ಲಾಡಿಸುವುದು, ಬಣ್ಣ ಬರುವ ತನಕ ಕಾಯುವುದು ಅವರ ಪಾಲಿನ ಕೆಲಸ. ಬಣ್ಣ ನೋಡಿ ಜನರನ್ನು ಹಿಡಿಯುವುದು ಅತ್ತಿಗೆಯದು.

"ಅದೇ ಹಸಿರಾ?" ಎಂದರು ದೊಡ್ಡ ಡಾಕ್ಟರ್. ಆಸ್ಪತ್ರೆಯ ಒಡತಿ ಆಕೆ. ಮಧ್ಯಾಹ್ನದ ಬಿಡುವಿನಲ್ಲಿ ಮುಖಗವಸನ್ನು ಗದ್ದಕ್ಕೆ ಎಳೆದುಕೊಂಡು ಬಂದಿದ್ದರು.

"ಅದೇ."

"ನೋಡಿ, ಮತ್ಸ್ಯಾಲಯದ ನಿರ್ದೇಶಕರು ನಾಳೆ ಬೆಳಗ್ಗೆ ಬರ್ತಾರೆ. ನನ್ನ ಜೊತೆ ಓದಿದವರು, ನನ್ನ ಮಾತಿಗೆ ಬೆಲೆ ಕೊಟ್ಟು ಅಷ್ಟು ದೂರದಿಂದ ಬರ್ತಿದಾರೆ. ಖಾಲಿ ತೊಟ್ಟಿ ತೋರ್ಸೋಕೆ ನನಗಾಗಲ್ಲ. ಬೆಳಗ್ಗೆ ಇದರೊಳಗೆ ದೊರೆ ಇರ್ಬೇಕು, ಜೀವಂತವಾಗಿ. ಇಲ್ಲ ಅಂದ್ರೆ ಇವತ್ತು ಸಂಜೇನೇ ಫೋನ್ ಮಾಡಿ, ಬರ್ಬೇಡಿ ಅಂತೀನಿ."

ಮೈದುನ ತೊಟ್ಟಿಯ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. ಬಂದರು ನಗರದ ಆ ಮತ್ಸ್ಯಾಲಯದಲ್ಲಿ ಮನೆಯಷ್ಟು ಎತ್ತರದ ತೊಟ್ಟಿಗಳಿವೆ. ಅವುಗಳ ನೀರಿನ ಪೂರ್ತಿ ಉಸ್ತುವಾರಿ ಒಬ್ಬನ ಕೈಗೆ ಸಿಗಲಿದೆ. ಚಿಕ್ಕಂದಿನಲ್ಲಿ ಉಪ್ಪಿನಕಾಯಿ ಜಾಡಿಯಲ್ಲಿ ಮೀನು ಸಾಕಿ ಅಣ್ಣನಿಂದ ಬೈಸಿಕೊಂಡಿದ್ದ ಹುಡುಗನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ. ನಿರ್ದೇಶಕರು ಈ ತೊಟ್ಟಿ ನೋಡಿ ತಲೆಯಾಡಿಸಿದರೆ ಕೆಲಸ ಅವನದು. ಇಲ್ಲವಾದರೆ, ಆಸ್ಪತ್ರೆಯ ಮೀನು ಕೊಂದವನು ಎಂಬ ಬಿರುದು ಹೊತ್ತು ಇದೇ ಊರಿನ ಮೂಲೆಯಂಗಡಿಯಲ್ಲಿ ಕೂರಬೇಕು.

ದೊರೆ ಎಂದರೆ ಆಸ್ಪತ್ರೆಯ ಹಳೆಯ ಮೀನು. ಹೊನ್ನಿನ ಬಣ್ಣ, ಅಂಗೈಗಿಂತ ದೊಡ್ಡ ಮೈ, ತನ್ನನ್ನು ನೋಡಲೆಂದೇ ಜನ ಹಲ್ಲು ನೋಯಿಸಿಕೊಂಡು ಬರುತ್ತಾರೆ ಎಂಬ ಠೀವಿ. ಹಳೆಯ ತೊಟ್ಟಿಯ ಗಾಜು ಬಿರುಕು ಬಿಟ್ಟಾಗಿನಿಂದ ಮೈದುನನ ಅಂಗಡಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಾಡಿಗೆದಾರನಂತೆ ದಿನ ತಳ್ಳುತ್ತಿದ್ದ.

"ಫೋನ್ ಮಾಡೋ ಪ್ರಮೇಯ ಬರಲ್ಲ," ಎಂದರು ಅತ್ತಿಗೆ. "ಸಂಜೆ ಹೊತ್ತಿಗೆ ದೊರೆ ಇಲ್ಲಿರ್ತಾನೆ. ಕೊಂದವರು ಯಾರು ಅನ್ನೋದೂ ಗೊತ್ತಾಗಿರುತ್ತೆ."

"ಕೊಂದವರು?" ದೊಡ್ಡ ಡಾಕ್ಟರ್ ಹುಬ್ಬೇರಿಸಿದರು. "ಹೊಸ ತೊಟ್ಟೀಲಿ ಮೀನು ಸಾಯೋದು ಮಾಮೂಲಿ ಅಂತ ಎಲ್ಲರೂ ಹೇಳ್ತಾರಲ್ಲ."

"ಎಲ್ಲರೂ ಹೇಳೋದು ಖಾಲಿ ತೊಟ್ಟಿ ವಿಷಯ. ಇದು ಹಾಗಲ್ಲ." ಅತ್ತಿಗೆ ನಳಿಕೆಯನ್ನು ಗಂಡನ ಕೈಗಿತ್ತು ಸೋಫಾದಲ್ಲಿ ಕೂತರು. "ಮೀನಿನ ಹೊಲಸು ಅಮೋನಿಯಾ ಆಗುತ್ತೆ. ಅದನ್ನ ತಿನ್ನೋ ಬ್ಯಾಕ್ಟೀರಿಯಾ ಒಂದು ಜಾತಿ ಇದೆ. ಅವು ತಿಂದು ನೈಟ್ರೈಟ್ ಮಾಡ್ತವೆ. ಅದೂ ವಿಷಾನೇ. ಅದನ್ನ ತಿನ್ನೋಕೆ ಇನ್ನೊಂದು ಜಾತಿ. ಅವು ನೈಟ್ರೇಟ್ ಮಾಡಿ ಬಿಡ್ತವೆ. ಅದರಿಂದ ಅಷ್ಟು ತೊಂದರೆ ಇಲ್ಲ, ಆಗಾಗ ಸ್ವಲ್ಪ ನೀರು ಬದಲಾಯಿಸಿದ್ರೆ ಆಯ್ತು. ಈ ಎರಡೂ ಜಾತಿ ಹೊಸ ತೊಟ್ಟೀಲಿ ತಾವಾಗೇ ಹುಟ್ಟಿ ಬೆಳೆಯೋಕೆ ವಾರಗಟ್ಲೆ ಬೇಕು. ಅದಕ್ಕೇ ಹೊಸ ತೊಟ್ಟಿ ಮೀನು ಸಾಯೋದು."

"ಅದೇ ಮತ್ತೆ."

"ಆದ್ರೆ ನನ್ನ ಮೈದುನ ಹೊಸಬನಲ್ಲ. ನಿಮ್ಮ ಹಳೇ ತೊಟ್ಟಿ ಫಿಲ್ಟರಿನ ಕಲ್ಲುಗಳನ್ನ ಜೋಪಾನ ಮಾಡಿಟ್ಟಿದ್ದ. ವರ್ಷಗಟ್ಲೆ ಆ ಬ್ಯಾಕ್ಟೀರಿಯಾ ಸಂಸಾರ ಹೂಡಿದ್ದ ಕಲ್ಲು. ಅರ್ಧ ದೊರೆ ಟಬ್ಬಿಗೆ, ಅರ್ಧ ಇಲ್ಲಿಗೆ. ಹಾಕಿದ ಮಾರನೇ ದಿನ ಇಲ್ಲಿ ಅಮೋನಿಯಾ ಇಳೀತು. ಅದನ್ನ ನಂಬಿ ಸಣ್ಣ ಮೀನು ಬಿಟ್ಟ. ಆಮೇಲೆ ಏಕಾಏಕಿ ಎಲ್ಲ ನಿಂತು ಹೋಯ್ತು. ಉಳಿದಿದ್ದರಲ್ಲಿ ಇನ್ನರ್ಧ ತಂದು ಹಾಕಿದ್ವಿ. ಮತ್ತೆ ಇಳೀತು, ಮತ್ತೆ ನಿಂತಿತು. ಊಟ ಮಾಡ್ತಾ ಇದ್ದೋರು ಎರಡೆರಡು ಸಲ ಎಲೆ ಮುಂದೆನೇ ಸತ್ತು ಬಿದ್ರೆ ಅದನ್ನ ಮಾಮೂಲಿ ಅಂತ ನಮ್ಮ ವಿಮಾ ಕಂಪನಿ ಒಪ್ಪಲ್ಲ ಡಾಕ್ಟ್ರೇ."

ಡಾಕ್ಟರ್ ನಕ್ಕರು. ಮೈದುನ ನಗಲಿಲ್ಲ. ಮೇಷ್ಟ್ರು ನಳಿಕೆ ತೊಳೆಯಲು ಹೋದರು.

ಶಂಕಿತರು ಇಲ್ಲದಿರಲಿಲ್ಲ. ಸ್ವಾಗತದ ಮೇಜಿನ ಹುಡುಗಿ ಫಿಲ್ಟರಿನ ಗೊರಗೊರ ಶಬ್ದಕ್ಕೆ ಫೋನೇ ಕೇಳಿಸುವುದಿಲ್ಲವೆಂದು ಮೂಗು ಮುರಿಯುತ್ತಿದ್ದವಳು. ಸ್ವಿಚ್ಚು ಆರಿಸಿದ್ದುಂಟು ಎಂದು ಒಪ್ಪಿಕೊಂಡೂ ಇದ್ದಳು. ಆದರೆ ಫಿಲ್ಟರು ಬ್ಯಾಕ್ಟೀರಿಯಾ ಸಾಯುವಷ್ಟು ಹೊತ್ತು ನಿಂತಿದ್ದರೆ ಅದರ ಕೊಳವೆಗಳಿಂದ ಕೊಳೆತ ಮೊಟ್ಟೆಯ ನಾತ ಹೊಡೆಯಬೇಕಿತ್ತು. ನಾತವಿರಲಿಲ್ಲ. ಹುಡುಗಿ ಬಚಾವಾದಳು.

ಇನ್ನೊಬ್ಬ ಸಣ್ಣ ಡಾಕ್ಟರ್, ದೊಡ್ಡ ಡಾಕ್ಟರ ತಮ್ಮ. ತೊಟ್ಟಿ ಇರುವ ಜಾಗದಲ್ಲಿ ಎಕ್ಸ್‌ರೇ ಯಂತ್ರ ಇಡಬೇಕೆಂದು ಹಟ ಹಿಡಿದು ಸೋತವನು. ಬಾಯಿ ಮುಕ್ಕಳಿಸುವ ಔಷಧದ ಬಾಟಲಿ ಹಿಡಿದು ತೊಟ್ಟಿಯ ಬಳಿ ಸುಳಿದಾಡಿದ್ದನ್ನು ಇಬ್ಬರು ರೋಗಿಗಳು ಕಂಡಿದ್ದರು. ಕಳೆದ ವಾರದ ಕಂತು ಓದಿದವರೆಲ್ಲ ಅವನ ಕೈಗೆ ಬೇಡಿ ತೊಡಿಸಿಯೇ ಪುಟ ತಿರುವಿರಬೇಕು.

ಅವನನ್ನು ಬಿಡಿಸಿದ್ದು ಒಂದು ಬಾಟಲಿ. ಅತ್ತಿಗೆ ಇದೇ ತೊಟ್ಟಿಯ ನೀರನ್ನು ತುಂಬಿಕೊಂಡು ಹೋಗಿ, ದೊರೆಯ ಟಬ್ಬಿನಿಂದ ನಾಲ್ಕು ಕಲ್ಲು ಹಾಕಿ, ಗುಳುಗುಳು ಗಾಳಿಯ ಪಂಪು ಬಿಟ್ಟು ತಮ್ಮ ಕಚೇರಿಯ ಕಿಟಕಿಯಲ್ಲಿ ಇಟ್ಟಿದ್ದರು. ನೀರಿನಲ್ಲಿ ಮುಕ್ಕಳಿಸುವ ಔಷಧವಿರಲಿ, ನಲ್ಲಿಯ ಕ್ಲೋರೀನ್ ಇರಲಿ, ಕೊಳವೆಯ ತಾಮ್ರವಿರಲಿ, ಆ ಕಲ್ಲುಗಳೂ ಸಾಯಬೇಕಿತ್ತು. ಸಾಯಲಿಲ್ಲ. ಇಂದು ಬೆಳಗ್ಗೆ ಬಾಟಲಿಯ ನೀರು ಹಳದಿ ಬಂದಿತ್ತು.

"ಹಾಗಂದ್ರೆ?" ಎಂದ ಮೈದುನ. ಅಷ್ಟು ಹೊತ್ತಿಗೆ ಅವನಿಗೂ ಅರ್ಥವಾಗಿತ್ತು, ಅತ್ತಿಗೆಯ ಬಾಯಿಂದ ಕೇಳಬೇಕಿತ್ತು ಅಷ್ಟೆ.

"ನೀರಲ್ಲಿ ವಿಷ ಇಲ್ಲ ಕಣೋ. ಏನಾಗಿದ್ರೂ ಕಲ್ಲಿಗೇ ಆಗಿದೆ. ತೊಟ್ಟಿ ಕೆಳಗಿನ ಆ ಡಬ್ಬಿಯೊಳಗೆ."

"ಡಬ್ಬಿ ನಾನು ತೆಗ್ದೇ ಇಲ್ಲ ಅತ್ತಿಗೆ. ಮೊದಲ ದಿನ ಮುಚ್ಚಿದ್ದು ಅಷ್ಟೆ. ಎರಡನೇ ಸಲಾನೂ ಅಣ್ಣನೇ ಬಂದು ಹಾಕಿ ಹೋದ."

ಅದೂ ನಿಜವೇ. ಕಲ್ಲು ಕೂರಿಸಿದ ಮೇಲೆ ಫಿಲ್ಟರಿನ ಡಬ್ಬಿ ತೆರೆಯಬಾರದು ಎನ್ನುವುದು ಮೈದುನನ ನೇಮ. ಮೊಳಕೆ ಬಂತೇ ಎಂದು ಬೀಜ ಕಿತ್ತು ನೋಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆ ನೇಮಕ್ಕೆ ಮರ್ಯಾದೆ ಕೊಟ್ಟು ಅತ್ತಿಗೆಯೂ ಇಷ್ಟು ದಿನ ಡಬ್ಬಿಗೆ ಕೈ ಹಾಕಿರಲಿಲ್ಲ.

"ಈಗ ಮುಂದಿನ ಕೆಲಸ," ಎಂದರು ಅತ್ತಿಗೆ. "ನೀರು ಪೂರ್ತಿ ಬದಲಾಯಿಸು. ಆಮೇಲೆ ಟಬ್ಬಲ್ಲಿ ಉಳಿದಿರೋ ಕಲ್ಲು, ದೊರೆ, ಎರಡೂ ಒಟ್ಟಿಗೆ ಇಲ್ಲಿಗೆ ಬರ್ಲಿ. ಅವನ ಹೊಲಸು ತಿನ್ನೋಕೆ ಅವನ ಬಳಗ ಅವನ ಜೊತೇಲೇ ಇರುತ್ತೆ. ನಾಳೆ ಬೆಳಗ್ಗೆ ನಿರ್ದೇಶಕರು ಎಷ್ಟು ಸಲ ಬೇಕಾದ್ರೂ ಪರೀಕ್ಷೆ ಮಾಡ್ಕೊಳ್ಲಿ."

"ಅದು ಕೊನೇ ಚೀಲ ಅತ್ತಿಗೆ. ಅದೂ ಹೋದ್ರೆ ದೊರೆಗೆ ಟಬ್ಬಲ್ಲೂ ಗತಿ ಇಲ್ಲ."

"ಹೋಗೋಕೆ ಬಿಟ್ರೆ ತಾನೇ."

ಇಂಥ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಜಂಬ ಅನ್ನಿಸುತ್ತಿತ್ತು. ಅತ್ತಿಗೆ ಆಡಿದರೆ ಎದುರಿನವರಿಗೆ ಹಸಿವಾಗುತ್ತಿತ್ತು. ಮೈದುನ ಬೆಳಗಿನಿಂದ ಮುಟ್ಟದೆ ಇಟ್ಟಿದ್ದ ಬನ್ನನ್ನು ಎರಡು ತುತ್ತಿಗೆ ಮುಗಿಸಿ, ಪ್ಯಾಂಟು ಮಡಚಿ ಕೆಲಸಕ್ಕೆ ಇಳಿದ.

ಇಡೀ ಮಧ್ಯಾಹ್ನ ಪೈಪು ಎಳೆದಾಟದಲ್ಲೇ ಕಳೆಯಿತು. ಹಳೆಯ ನೀರು ಬಚ್ಚಲಿಗೆ ಹೋಯಿತು. ಕ್ಲೋರೀನ್ ಹೋಗಿಸುವ ಹನಿ ಹಾಕಿದ ಹೊಸ ನೀರು ಬಂತು. ಹಲ್ಲು ಕೀಳಿಸಿಕೊಳ್ಳಲು ಬಂದವರು ಕೆನ್ನೆ ಹಿಡಿದುಕೊಂಡೇ ನಿಂತು ನೋಡಿದರು. ಅತ್ತಿಗೆ ಮೈದುನನಿಗೆ ಬಕೆಟ್ಟು ಕೊಟ್ಟರು, ರೋಗಿಗಳಿಗೆ ಸಲಹೆ ಕೊಟ್ಟರು. ಮೇಷ್ಟ್ರು ಮಾತ್ರ ಯಾಕೋ ಮೂಲೆಯ ಕುರ್ಚಿಯಲ್ಲಿ ಕೂತು ತಮ್ಮನ ಬೆನ್ನನ್ನೇ ನೋಡುತ್ತಿದ್ದರು. ಬೆವರಿ ಅಂಟಿದ ಅಂಗಿಯನ್ನು ಒಮ್ಮೆ ಎದ್ದು ಹೋಗಿ ಬಿಡಿಸಿ ಸರಿ ಮಾಡಿ ಬಂದರು, ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ.

ತೊಟ್ಟಿ ತುಂಬಿದಾಗ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ಮೇಷ್ಟ್ರು ನಳಿಕೆ ಅಲ್ಲಾಡಿಸಿ ತೋರಿಸಿದರು. ಹಳದಿ.

"ನಾನು ಹೋಗಿ ದೊರೆನ ಹಿಡಿದು ತರ್ತೀನಿ," ಎಂದ ಮೈದುನ. ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಬಂದಿತ್ತು.

"ನಡಿ, ನಾನೂ ಬರ್ತೀನಿ. ಚೀಲ ನಾನು ತರ್ತೀನಿ, ನೀನು ಮೀನು ತಾ," ಎಂದರು ಮೇಷ್ಟ್ರು. ಅಣ್ಣ ತಮ್ಮ ಜೊತೆಯಾಗಿ ಮೆಟ್ಟಿಲಿಳಿದು ಹೋದರು.

ಅವರು ಹೋದ ಮೇಲೆ ಅತ್ತಿಗೆ ಸೆರಗು ಸಿಕ್ಕಿಸಿ ತೊಟ್ಟಿಯ ಕೆಳಗಿನ ಬೀರುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಹೊಸ ಚೀಲಕ್ಕೆ ಜಾಗ ಮಾಡಬೇಕಾದರೆ ಹಳೆಯದನ್ನು ತೆಗೆಯಲೇಬೇಕು. ಎರಡು ನಲ್ಲಿ ತಿರುಗಿಸಿ, ಕ್ಲಿಪ್ಪುಗಳನ್ನೆತ್ತಿ, ಡಬ್ಬಿಯ ಮುಚ್ಚಳ ತೆಗೆದರು.

ಕ್ಲಿಪ್ಪುಗಳು ಸುಲಭವಾಗಿ ಬಂದವು. ದಿನಗಟ್ಟಲೆ ಮುಚ್ಚಿಟ್ಟ ಡಬ್ಬಿಯ ಮುಚ್ಚಳ ಕಚ್ಚಿಕೊಂಡಿರುತ್ತದೆ, ಉಗುರು ಮುರಿಯುತ್ತದೆ. ಇದು ಪದೇ ಪದೇ ತೆರೆದು ಪಳಗಿದ ಡಬ್ಬಿ.

ಒಳಗಿನ ಬಲೆಚೀಲವನ್ನು ಎತ್ತಿದರು. ಹಳೆಯ ಕಲ್ಲು ಎಂದರೆ ಪಿಂಗಾಣಿಯ ಪುಟ್ಟ ಉಂಗುರಗಳು. ವರ್ಷಗಟ್ಟಲೆ ನೀರಲ್ಲಿದ್ದು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಲೋಳೆ ಲೋಳೆ ಹತ್ತಬೇಕು. ಮಣ್ಣಿನ ವಾಸನೆ ಬರಬೇಕು.

ಅತ್ತಿಗೆಯ ಅಂಗೈಯಲ್ಲಿದ್ದವು ಬೆಳ್ಳಗಿದ್ದವು. ಈಗಷ್ಟೇ ಹಲ್ಲು ಸ್ವಚ್ಛ ಮಾಡಿಸಿಕೊಂಡು ಎದ್ದು ಹೋದವರ ಬಾಯಿಯಷ್ಟೇ ಬಿಳಿ. ಲೋಳೆಯಿಲ್ಲ. ಮೂಸಿ ನೋಡಿದರೆ ವಾಸನೆಯೂ ಇಲ್ಲ.

ತಾವಾಗಿ ಸತ್ತ ಕಲ್ಲು ಕಪ್ಪಗಾಗುತ್ತದೆ, ನಾರುತ್ತದೆ. ಇವನ್ನು ಯಾರೋ ತೊಳೆದು ಕೊಂದಿದ್ದಾರೆ ಎಂದು ಅತ್ತಿಗೆಗೆ ಗೊತ್ತಾಯಿತು. ಚೀಲದ ಗಂಟಿನ ಸಂದಿಯಲ್ಲಿ ಉಗುರಗಲದ ಕಾಗದದ ಪಟ್ಟಿಯೊಂದು ಅಂಟಿತ್ತು. ಬಿಡಿಸಿ ಬೆಳಕಿಗೆ ಹಿಡಿದರು. ಮಾಸಲು ಬಣ್ಣದ ಟೇಪು, ಮೇಲೆ ಓರೆ ಓರೆಯಾಗಿ ಕಪ್ಪು ಗೆರೆಗಳು.

ಈ ಗೆರೆಗಳನ್ನು ಅವರು ಇಂದೇ ಎಲ್ಲೋ ನೋಡಿದ್ದರು. ಎಲ್ಲಿ ಎಂದು ತಲೆ ಕೆರೆದುಕೊಳ್ಳುವ ಮೊದಲೇ ಪಕ್ಕದ ಕೋಣೆಯಿಂದ ದೊಡ್ಡ ಡಾಕ್ಟರು ಇಕ್ಕಳದ ಪೊಟ್ಟಣ ಬಿಚ್ಚುವ ಸದ್ದು ಕೇಳಿಸಿತು. ಪರ್‌ ಎಂದು ಟೇಪು ಹರಿಯುವ ಸದ್ದು.

ಅತ್ತಿಗೆ ಎದ್ದರು. ಮಂಡಿ ಲಟಕ್ಕೆಂದಿತು. ಮುಖದ ಮೇಲೆ ನಗು ಬಂದಿತ್ತು.

*

ಹಿಂದಿನ ಕೋಣೆಯಲ್ಲಿ ಆಸ್ಪತ್ರೆಯ ನರ್ಸ್, ಎಲ್ಲರ ಬಾಯಲ್ಲೂ ಸಿಸ್ಟರ್, ಒಬ್ಬರೇ ಇದ್ದರು. ಉಪಕರಣಗಳನ್ನು ಬಟ್ಟೆಯಲ್ಲಿ ಸುತ್ತಿ, ಟೇಪು ಹಚ್ಚಿ, ಒಂದರ ಮೇಲೊಂದು ಜೋಡಿಸುತ್ತಿದ್ದರು. ಅವರ ಹಿಂದೆ ಕಬ್ಬಿಣದ ಬಾಗಿಲಿನ ಆಟೋಕ್ಲೇವ್ ಯಂತ್ರ, ಹಬೆಯ ಒತ್ತಡದಲ್ಲಿ ಬೇಯಿಸಿ ಕಣ್ಣಿಗೆ ಕಾಣದ ಕ್ರಿಮಿಯನ್ನೂ ಉಳಿಸದ ಯಂತ್ರ, ತಣ್ಣಗಾಗುತ್ತ ನಿಂತಿತ್ತು. ಹೊಸ ಪೊಟ್ಟಣಗಳ ಟೇಪಿನ ಮೇಲೆ ಗೆರೆಗಳು ಮಸುಕಾಗಿದ್ದವು. ಯಂತ್ರದೊಳಗಿನಿಂದ ಬಂದವುಗಳ ಮೇಲೆ ಕಪ್ಪಾಗಿದ್ದವು.

ಅತ್ತಿಗೆ ಟೇಪಿನ ಚೂರನ್ನೂ ಬೆಳ್ಳಗಿನ ಕಲ್ಲುಗಳ ಚೀಲವನ್ನೂ ಮೇಜಿನ ಮೇಲಿಟ್ಟರು.

"ಇದು ಹೇಗಿಲ್ಲಿ ಬಂತು ಅಂತ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಇಂಥ ಕಡೆ ಜನ ಮೊದಲು ಗೊತ್ತಿಲ್ಲ ಎನ್ನುತ್ತಾರೆ, ಆಮೇಲೆ ಅಳುತ್ತಾರೆ, ಆಮೇಲೆ ಇನ್ನೊಬ್ಬರ ಹೆಸರು ಹೇಳುತ್ತಾರೆ. ಅತ್ತಿಗೆ ಮೂರಕ್ಕೂ ತಯಾರಾಗಿ ಸ್ಟೂಲು ಎಳೆದುಕೊಂಡು ಕೂತರು.

ಸಿಸ್ಟರ್ ಚೀಲ ನೋಡಿದರು. "ಇವತ್ತು ಇನ್ನೂ ಯಂತ್ರಕ್ಕೆ ಹಾಕಿಲ್ಲ. ಯಾಕೆ ತೆಗೆದ್ರಿ? ನಾನೇ ತೆಗೀತಿದ್ನಲ್ಲ."

ಅತ್ತಿಗೆ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ನೀವೇ ಹಾಕ್ತೀರಾ?"

"ಮತ್ಯಾರು ಹಾಕ್ತಾರೆ? ಎರಡು ದಿನಕ್ಕೊಂದ್ಸಲ, ಕೊನೇ ಪೇಷಂಟ್ ಹೋದ ಮೇಲೆ. ಮೊದ್ಲು ಬ್ರಶ್ಶಲ್ಲಿ ಉಜ್ತೀನಿ. ಎಷ್ಟು ಗಲೀಜಿತ್ತು ಗೊತ್ತಾ? ಆಮೇಲೆ ಪೊಟ್ಟಣ ಕಟ್ಟಿ ಒಳಗೆ ಇಡ್ತೀನಿ. ಬೆಳಗ್ಗೆ ಎಲ್ಲರಿಗಿಂತ ಮೊದ್ಲು ಬಂದು ವಾಪಸ್ ಜೋಡಿಸ್ತೀನಿ. ಒಂದು ದಿನಾನೂ ತಪ್ಸಿಲ್ಲ." ಅವರ ದನಿಯಲ್ಲಿ ಕೆಲಸ ಮೆಚ್ಚಲಿ ಎಂಬ ಆಸೆಯಿತ್ತು. "ಈ ಆಸ್ಪತ್ರೇಲಿ ಒಬ್ಬರ ಕೈಗೋ ಬಾಯಿಗೋ ತಾಗೋ ವಸ್ತು ಏನೇ ಇದ್ರೂ ಈ ಯಂತ್ರದೊಳಗೆ ಹೋಗಿ ಬರ್ಲೇಬೇಕು. ನಾನು ಬಂದ ಮೇಲೆ ಇಲ್ಲಿ ಒಬ್ಬರಿಗೂ ಸೋಂಕಾಗಿಲ್ಲ."

"ಮೀನಿನ ಕಲ್ಲು ಯಾರ ಬಾಯಿಗೆ ಹೋಗುತ್ತೆ ಸಿಸ್ಟರ್?"

"ಮಕ್ಕಳು ತೊಟ್ಟಿಗೆ ಕೈ ಅದ್ದುತ್ತಾರೆ. ಅದೇ ಕೈ ಬಾಯಿಗೆ ಹೋಗುತ್ತೆ. ನೋಡಿಲ್ವಾ ನೀವು?"

ಅತ್ತಿಗೆ ನೋಡಿದ್ದರು. ಸಿಟ್ಟು ಮಾಡಬೇಕೆಂದು ಬಂದವರಿಗೆ ಸಿಟ್ಟು ಬರಲಿಲ್ಲ. ಅಪ್ಪಟ ಶಿಸ್ತಿನಿಂದ ಇಷ್ಟು ದೊಡ್ಡ ಅನಾಹುತ ಮಾಡುವುದು ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ ಎಂದು ಅವರಿಗೆ ಅನ್ನಿಸಿತು. ಬೇರೆ ಎಲ್ಲಿದ್ದರೂ ಆ ಕಲ್ಲು ಗಲೀಜಾಗಿಯೇ ಇದ್ದು ಮೀನುಗಳು ಬದುಕಿಕೊಳ್ಳುತ್ತಿದ್ದವು.

"ಕೂತ್ಕೊಳ್ಳಿ," ಎಂದು ತಮ್ಮ ಸ್ಟೂಲನ್ನೇ ಕೊಟ್ಟರು. ಆ ಗಲೀಜು ಏನು, ಅದರೊಳಗೆ ಯಾರಿದ್ದರು, ಅವರಿಲ್ಲದೆ ತೊಟ್ಟಿ ಏನಾಗುತ್ತದೆ ಎಂದು ನಿಧಾನವಾಗಿ ಹೇಳಿದರು.

ಸಿಸ್ಟರ್ ಕೈಗವಸು ತೆಗೆದರು. ಒಂದೊಂದೇ ಬೆರಳು ಬಿಡಿಸಿ.

"ಆ ಸಣ್ಣ ಮೀನುಗಳು ನನ್ನ ಕೈಯಿಂದ ಸತ್ವಾ?"

"ನಿಮಗೆ ಗೊತ್ತಿರ್ಲಿಲ್ಲ."

"ಅವುಗಳನ್ನ ಬಲೇಲಿ ಎತ್ತಿ ತೆಗೆದಿದ್ದೂ ನಾನೇ. ಕೀಲಿಕೊಟ್ಟ ಗೊಂಬೆ ಹಾಗೆ ಓಡಾಡ್ತಿದ್ವು." ಅವರ ಕಣ್ಣು ತುಂಬಿತು. ಅತ್ತಿಗೆಗೆ ನಿಜಕ್ಕೂ ಸಂಕಟವಾಯಿತು. ಭುಜದ ಮೇಲೆ ಕೈಯಿಟ್ಟರು. ಪ್ರಕರಣ ಮುಗಿದಿತ್ತು. ಮೈದುನನ ತಲೆಯ ಮೇಲಿನ ಗೂಬೆ ಹಾರಿ ಹೋಗಿತ್ತು. ನಾಳೆ ನಿರ್ದೇಶಕರಿಗೆ ಈ ಕಥೆ ಹೇಳಿದರೆ ಅವರು ಬಿದ್ದು ಬಿದ್ದು ನಗುತ್ತಾರೆ, ಕೆಲಸವನ್ನೂ ಕೊಡುತ್ತಾರೆ.

"ಹಾಗಾದ್ರೆ ಅವರು ಯಾಕೆ ಹಾಗೆ ಹೇಳಿದ್ರು?" ಎಂದರು ಸಿಸ್ಟರ್, ಮೂಗು ಒರೆಸಿಕೊಳ್ಳುತ್ತ.

"ಯಾರು?"

"ನಾನಾಗಿ ಆ ಡಬ್ಬಿ ಮುಟ್ಟಿರ್ಲಿಲ್ಲ. ಅದನ್ನ ತೆಗೆಯೋದು ಹೇಗೆ ಅಂತಾನೂ ನನಗೆ ಗೊತ್ತಿರ್ಲಿಲ್ಲ. ಎರಡು ನಲ್ಲಿ ತಿರುಗ್ಸು, ಕ್ಲಿಪ್ ಎತ್ತು, ಕಲ್ಲು ಉಜ್ಜಿ ಯಂತ್ರಕ್ಕೆ ಹಾಕು, ಯಾರಿಗೂ ಹೇಳ್ಬೇಡ, ಹೇಳಿದ್ರೆ ಪೇಷಂಟುಗಳು ತೊಟ್ಟಿ ಗಲೀಜು ಅಂದ್ಕೋತಾರೆ ಅಂತ ಅವರೇ ಕೂತು ತೋರಿಸಿಕೊಟ್ರು."

"ಯಾರು ಸಿಸ್ಟರ್? ಸಣ್ಣ ಡಾಕ್ಟ್ರಾ?"

"ಅವರಿಗೇನು ಗೊತ್ತು ಇದೆಲ್ಲ. ನಮ್ಮ ಮೇಷ್ಟ್ರು."

ಅತ್ತಿಗೆ ಒಂದು ಕ್ಷಣ ಆ ಪದವನ್ನು ಬೇರೆ ಯಾರ ಮೇಲಾದರೂ ಕೂರಿಸಲು ನೋಡಿದರು.

"ಯಾವ ಮೇಷ್ಟ್ರು?"

"ನಿಮ್ಮನೇಲಿ ಎಷ್ಟು ಜನ ಮೇಷ್ಟ್ರು ಇದಾರೆ? ನಿಮ್ಮ ಯಜಮಾನ್ರು." ಸಿಸ್ಟರ್ ಅವರ ಮುಖ ನೋಡಿ ಗಾಬರಿಯಾದರು. "ಹೈಸ್ಕೂಲಲ್ಲಿ ನನಗೆ ಪಾಠ ಮಾಡಿದೋರು. ಅವರು ಹೇಳಿದ ಮೇಲೆ ಯಾಕೆ ಅಂತ ಕೇಳ್ಲಿ? ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಆಟೋಕ್ಲೇವ್ ಯಂತ್ರ ಉಸ್ ಎಂದು ಉಳಿದ ಹಬೆ ಬಿಟ್ಟಿತು.

ಅತ್ತಿಗೆ ಗೋಡೆಗೆ ಒರಗಿ ನಿಂತರು. ಅಪ್ಪ ಅಮ್ಮ ಹೋದಾಗ ಮೈದುನನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅಣ್ಣನೇ ಸಾಕಿದ್ದು. ತಲೆ ಬಾಚಿದ್ದು, ಶಾಲೆಗೆ ಬಿಟ್ಟದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು. ಮದುವೆಯಾಗಿ ಬಂದ ಅತ್ತಿಗೆಗೆ ಮಕ್ಕಳಾಗದಿದ್ದಾಗ ಇವನೊಬ್ಬ ಸಾಕು ಬಿಡೇ ಎಂದು ಮೇಷ್ಟ್ರು ನಕ್ಕಿದ್ದರು. ಊರು ಬಿಟ್ಟು ದೂರ ಹೋಗಬೇಕಾದ ಮತ್ಸ್ಯಾಲಯದ ಕೆಲಸದ ಸುದ್ದಿ ಬಂದ ದಿನ ಮೈದುನ ಕುಣಿದಾಡಿದ. ಮೇಷ್ಟ್ರು ಒಳ್ಳೇದಾಯ್ತು ಎಂದಷ್ಟೇ ಹೇಳಿ, ಅನ್ನ ಬಿಟ್ಟು ಎದ್ದು ಹೋಗಿದ್ದರು. ಹೊಟ್ಟೆ ಸರಿಯಿಲ್ಲ ಎಂದಿದ್ದರು. ಊರಿನವರ ಮುಖ ನೋಡಿಯೇ ಸುಳ್ಳು ಹಿಡಿಯುವ ಅತ್ತಿಗೆ ಅದನ್ನು ನಂಬಿದ್ದರು.

ಫೋನ್ ತೆಗೆದರು. ಮೈದುನನ ನಂಬರು ಒತ್ತಿದರು.

"ಹೇಳಿ ಅತ್ತಿಗೆ," ಎಂದ ಮೈದುನ. ಹಿಂದೆ ನೀರಿನ ಸದ್ದು. "ದೊರೆ ಬಕೆಟ್ಟಿಗೆ ಬಂದ. ಹೊರಟೆ."

"ನಿನ್ನ ಅಣ್ಣ ಎಲ್ಲೋ? ಚೀಲ ಎಲ್ಲಿದೆ?"

"ಚೀಲ ತಗೊಂಡು ಅಣ್ಣ ಆಗ್ಲೇ ಹೊರಟನಲ್ಲ. ಅಲ್ಲಿಗೆ ಬಂದಿಲ್ವಾ? ಮನೆಗೆ ಹೋಗಿ ಒಂದು ಲೋಟ ಚಹಾ ಕುಡ್ಕೊಂಡು ಹಾಗೇ ಬರ್ತೀನಿ ಅಂದ."

ಅತ್ತಿಗೆ ಹಜಾರಕ್ಕೆ ಓಡಿದರು.

ಮೇಷ್ಟ್ರು ಬಂದಿದ್ದರು. ತೊಟ್ಟಿಯ ಮುಂದೆ ನಿಂತು ಖಾಲಿ ನೀರನ್ನು ನೋಡುತ್ತಿದ್ದರು. ಕೈಯಲ್ಲಿ ಮನೆಯ ಸ್ಟೀಲ್ ಡಬ್ಬಿ. ಹೆಂಡತಿಯನ್ನು ಕಂಡು ಮುಚ್ಚಳ ತೆಗೆದು ಮುಂದೆ ಹಿಡಿದರು.

"ತಗೋ. ಒಣಗ್ಬಾರ್ದು ಅಂತ ನೀರಲ್ಲೇ ತಂದಿದೀನಿ."

ಅತ್ತಿಗೆ ಡಬ್ಬಿಗೆ ಕೈ ಹಾಕಿ ಚೀಲ ಎತ್ತಿದರು. ಕಲ್ಲುಗಳು ಕಂದಾಗಿಯೇ ಇದ್ದವು. ಆದರೆ ಬೆಚ್ಚಗಿದ್ದವು. ಬೆಚ್ಚಗಲ್ಲ, ಅಂಗೈ ಚುರುಗುಟ್ಟುವಷ್ಟು ಬಿಸಿ. ಚಹಾದ ನೀರಿನ ಜೊತೆ ಇವೂ ಕುದಿದು ಬಂದಿದ್ದವು.

"ಏನ್ರೀ ಇದು," ಎಂದರು ಮೆಲ್ಲಗೆ.

ಮೇಷ್ಟ್ರು ಡಬ್ಬಿಯ ಮುಚ್ಚಳ ಮುಚ್ಚಿದರು. ಕಣ್ಣು ತಪ್ಪಿಸಲಿಲ್ಲ.

ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದಾಯಿತು. ಮೈದುನ ಎರಡೂ ಕೈಯಲ್ಲಿ ಬಕೆಟ್ಟು ತಬ್ಬಿಕೊಂಡು, ಒಂದು ಹನಿಯೂ ತುಳುಕದಂತೆ ಒಳಗೆ ಬಂದ. ಮೈಯೆಲ್ಲ ಒದ್ದೆ, ಮುಖದ ತುಂಬ ನಗು. ಹಿಂದೆಯೇ ದೊಡ್ಡ ಡಾಕ್ಟರು, ಅವರ ಹಿಂದೆ ಕೆನ್ನೆ ಊದಿದ ಇಬ್ಬರು ರೋಗಿಗಳು ಬಂದು ನಿಂತರು. ಬಕೆಟ್ಟಿನ ಅಂಚಿನಿಂದ ದೊರೆ ಹೊನ್ನಿನ ಬೆನ್ನು ತೋರಿಸಿ ಒಮ್ಮೆ ಹೊರಳಿದ.

ಮೈದುನ ಬಕೆಟ್ಟನ್ನು ತೊಟ್ಟಿಯ ಅಂಚಿಗೆ ತಂದು ಓರೆ ಮಾಡಿ ಹಿಡಿದ.

"ಚೀಲ ಬಂತಾ ಅಣ್ಣ? ಅತ್ತಿಗೆ, ಬಿಡ್ಲಾ?"

ಬಿಡು ಎಂದರೆ ದೊರೆ ಉಳಿಯುವುದಿಲ್ಲ. ಬೇಡ ಎಂದರೆ ಮೈದುನ ಯಾಕೆ ಎಂದು ಕೇಳುತ್ತಾನೆ.